ಅಕ್ಕನ ನಗು

ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಭತ್ತದ ನಾಟಿ ಶುರುವಾಯಿತು. ನಾಟಿಯ ಹೆಂಗಸರು ಯಾವ ಸಿನಿಮಾಕ್ಕೆ ಹೋಗಬೇಕೆಂದು ನನ್ನ ಅಕ್ಕನನ್ನೇ ಕೇಳುತ್ತಿದ್ದರು. ಅವಳು ಸಸಿ ಹಚ್ಚುತ್ತಲೇ ಹೇಳುತ್ತಿದ್ದಳು: “ಮೊದಲನೇ ಭಾಗದಾಗ ಸತ್ತಾಂವನ್ನ ಎರಡನೇದ್ರಾಗ ಎಬ್ಬಿಸಿ ಹೊಡದಾಡಸ್ಯಾರ. ಪಾಪ, ಅವಂಗ ಸತ್ರೂ ಬಿಡುವಿಲ್ಲ.” ತಾನು ನೋಡದ ಸಿನಿಮಾದ ಮಾತೆತ್ತಿದರೆ ಮಾತ್ರ, “ನಾ ನೋಡಿಲ್ಲವ್ವ, ಹ್ಯಾಂಗ ಹೇಳ್ಲಿ?” ಎನ್ನುತ್ತಿದ್ದಳು.

ಅವಳು ನಕ್ಕರೆ ಇಡೀ ಟಾಕೀಸಿಗೆ ಕೇಳುತ್ತಿತ್ತು. ಒಮ್ಮೆ ನನ್ನ ಗೆಳೆಯರು ಅವಳೆದುರೇ ಆ ನಗುವನ್ನು ಅಣಕಿಸಿದ್ದರು. ನನಗೆ ನಾಚಿಕೆಯಾಗಿತ್ತು. ಮುಂದೆ ಶಹಾಪುರಕ್ಕೆ ಒಂದು ಹಾಸ್ಯದ ಸಿನಿಮಾ ಬಂತು. ನಾನು ಗೆಳೆಯರ ಜೊತೆ ನೋಡಿ ಬಂದೆ. “ಹ್ಯಾಂಗದ?” ಎಂದು ಅಕ್ಕ ಕೇಳಿದಾಗ, ಅವಳನ್ನು ಕರೆದೊಯ್ಯುವುದು ತಪ್ಪಲೆಂದು, “ಒಂದು ಸರ್ತಿನೂ ನಗು ಬರಂಗಿಲ್ಲಕ್ಕ” ಎಂದು ಸುಳ್ಳು ಹೇಳಿದೆ. ಅವಳು ನಂಬಿ, ಹೆಂಗಸರಿಗೂ ಅದನ್ನೇ ಹೇಳಿದಳು.

ಅವರಲ್ಲಿ ಇಬ್ಬರು ಸಿನಿಮಾ ನೋಡಿ ಬಂದು ಗದ್ದೆಯಲ್ಲಿ ಅವಳನ್ನು ಕಾಡಿದರು. “ಏನಬೇ, ನಗೂದು ಮರತ್ಯೇನು? ನಕ್ಕು ನಕ್ಕು ನಮ್ಮ ಹೊಟ್ಟಿ ನೊಂದಾವ.”

ಸಸಿಯ ಕಟ್ಟು ಹೊತ್ತು ಬದುವಿನ ಮೇಲೆ ನಿಂತಿದ್ದ ನನ್ನನ್ನು ಅಕ್ಕ ಒಮ್ಮೆ ನೋಡಿದಳು. “ನಂದೇ ತಪ್ಪವ್ವ, ನೋಡದೇ ಹೇಳಿದೆ,” ಎಂದು ಮತ್ತೆ ಬಗ್ಗಿದಳು. ನಾನು ಕಟ್ಟನ್ನು ಇಳಿಸಿ, ಇನ್ನೊಂದು ತರಲು ಹೋದೆ.

ಮರುವಾರ ನಾನೇ ಅವಳನ್ನು ಅದೇ ಸಿನಿಮಾಕ್ಕೆ ಕರೆದೊಯ್ದೆ. ಸುತ್ತಲಿನ ಜನ ಬಿದ್ದು ಬಿದ್ದು ನಕ್ಕರು. ಅಕ್ಕನೂ ನಕ್ಕಳು, ಸದ್ದು ಹೊರಬರದಂತೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದು. “ಸೆರಗು ತೆಗಿಯಕ್ಕ” ಎನ್ನಲು ಅಂದೂ ನನಗೆ ಬಾಯಿ ಬರಲಿಲ್ಲ.