ಮಕ್ಕಳ ಕಾಲು ಹಿಡಿಯುವ ಕಾಲಮ್ಮ

ಬೆಳಗಿನ ಆರು ಗಂಟೆ. ಮಕ್ಕಳ ಹೃದಯ ವಾರ್ಡಿನಲ್ಲಿ ಆಯಾ ಒಬ್ಬರು ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಂಡು, ಮೂರು ವರ್ಷದ ಹುಡುಗಿಯೊಬ್ಬಳ ಪಾದ ಮುಟ್ಟುತ್ತಾರೆ. ಚಿಕಿತ್ಸೆಗೆಂದು ರಾತ್ರಿಯಿಂದ ಹುಡುಗಿಗೆ ಏನೂ ತಿನ್ನಿಸಿಲ್ಲ. ಬಿಸ್ಕತ್ತು ಬೇಕೆಂದು ಅವಳು ಒದೆಯುತ್ತಾಳೆ. “ಒದಿ ಪುಟ್ಟಿ, ಈಗಲೇ ಎಲ್ಲಾ ಒದ್ದುಬಿಡು. ಮಧ್ಯಾಹ್ನ ಒದೆಯೋ ಹಾಗಿಲ್ಲ,” ಎನ್ನುತ್ತಾರೆ ಆಯಾ. ಹೆದರಿ ಕೂತಿದ್ದ ತಾಯಿಗೂ ನಗು ಬರುತ್ತದೆ.

ಹುಟ್ಟುವ ಮೊದಲು ಎಲ್ಲ ಮಕ್ಕಳಿಗೂ ಹೃದಯದ ಬಳಿಯ ಎರಡು ದೊಡ್ಡ ರಕ್ತನಾಳಗಳ ನಡುವೆ ಸಣ್ಣ ಕೊಳವೆಯೊಂದು ತೆರೆದಿರುತ್ತದೆ. ಹುಟ್ಟಿದ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳಬೇಕು. ಕೆಲವರಲ್ಲಿ ಮುಚ್ಚುವುದಿಲ್ಲ. ಆಗ ವೈದ್ಯರು ಎದೆ ಕೊಯ್ಯದೆ, ತೊಡೆಸಂದಿನ ರಕ್ತನಾಳದಿಂದ ಸಪೂರ ನಳಿಗೆ ತೂರಿಸಿ, ಪುಟ್ಟ ಬಿರಡೆಯೊಂದನ್ನು ಕಳಿಸಿ ಅದನ್ನು ಮುಚ್ಚುತ್ತಾರೆ. ಅವರ ಕೆಲಸ ಮುಗಿದಲ್ಲಿ ಆಯಾ ಅವರ ಕೆಲಸ ಶುರು. ಚುಚ್ಚಿದ ಜಾಗದಲ್ಲಿ ರಕ್ತ ಬಾರದಂತೆ ಮಗು ಕಾಲು ಮಡಚದೆ ಗಂಟೆಗಟ್ಟಲೆ ಮಲಗಬೇಕು. ಹಾಗೆಂದು ಹೇಳಿದರೆ ಕೇಳುವ ವಯಸ್ಸೇ ಅದು? ಆಯಾ ಮೊಣಕಾಲಿನ ಮೇಲೆ ಅಂಗೈ ಊರಿ ಕೂರುತ್ತಾರೆ, ಕಾಲ್ಬೆರಳು ಬೆಚ್ಚಗಿವೆಯೇ ಎಂದು ಆಗಾಗ ಮುಟ್ಟಿ ನೋಡುತ್ತಾರೆ. ಬಾಯಿಯಲ್ಲಿ ಹಲ್ಲಿಲ್ಲದ ಹುಲಿಯ ಕತೆ. ದಿನಕ್ಕೆ ಎರಡು ಮಕ್ಕಳು, ಕೆಲವೊಮ್ಮೆ ಮೂರು.

ಇವರಿಗೆ ಮಕ್ಕಳೇ ಇಟ್ಟ ಹೆಸರು ಕಾಲಮ್ಮ. “ಆಸ್ಪತ್ರೇಲಿ ಇಟ್ಕೊಳ್ಳೋ ಹೆಸರಾ ಇದು? ಯಮನ ತಂಗಿ ಅಂದ್ಕೊಂಡಾರು! ಹದಿನಾಲ್ಕು ವರ್ಷದಿಂದ ಕಾಲು ಹಿಡೀತಿದೀನಿ, ಒಂದು ಬಡ್ತಿ ಸಿಕ್ಕಿಲ್ಲ ನೋಡಿ.”

ಮನೆಯ ಮಾತು ಬಂದರೆ ಆ ನಗು ಇರುವುದಿಲ್ಲ. ಮನೆಯಲ್ಲಿ ಇಪ್ಪತ್ತೈದು ವರ್ಷದ ಮಗಳಿದ್ದಾಳೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಟ್ಟು ಕೂತುಬಿಡುತ್ತಾಳೆ. ಕೈಬೆರಳು ಕೆಂಪಗಿವೆ, ಕಾಲ್ಬೆರಳು ನೀಲಿ. ಸೆಕೆಯಲ್ಲೂ ಕಾಲುಚೀಲ ತೆಗೆಯುವುದಿಲ್ಲ. ಅವಳಿಗೂ ಇದೇ ಕೊಳವೆ ಮುಚ್ಚಿರಲಿಲ್ಲ. ಕೂಸಾಗಿದ್ದಾಗ ಎದೆಯ ಮೇಲೆ ಕೈಯಿಟ್ಟರೆ ಗುರುಗುರು ಎನ್ನುತ್ತಿತ್ತು.

“ಬೆಕ್ಕನ್ನ ನೇವರಿಸಿದ್ರೆ ಗುರುಗುಟ್ಟತ್ತಲ್ಲ, ಹಾಗೇ. ನನ್ನ ಕೈ ತಾಗಿದ್ರೆ ಇವಳಿಗೆ ಖುಷಿ ಆಗತ್ತೆ ಅಂದ್ಕೊಂಡೆ. ಮರಿಬೆಕ್ಕು ಅಂತ ಕರೆದೆ. ಮನೆಗೆ ಬಂದವರಿಗೆಲ್ಲ ಎದೆ ಮುಟ್ಟಿಸಿ ತೋರಿಸ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ನಾನು ರೋಗಾನೇ ಮುದ್ದು ಮಾಡಿಬಿಟ್ಟೆ.”

ಈ ವಾರ್ಡಿಗೆ ಸೇರಿದ ಹೊಸತರಲ್ಲಿ, ಅಳುವ ಮಗುವೊಂದನ್ನು ಎತ್ತಿಕೊಂಡಾಗ ಕೈಗೆ ಅದೇ ಗುರುಗುರು ಸಿಕ್ಕಿತು. “ಓ, ಇದೂ ಮರಿಬೆಕ್ಕೇ!” ಎಂದರಂತೆ. ನರ್ಸ್ ನಗಲಿಲ್ಲ. “ಆ ಗುರುಗುರುನೇ ಕಾಯಿಲೆ ಕಣಮ್ಮ,” ಎಂದಳು. ಮರುದಿನವೇ ಮಗಳನ್ನು ಕರೆತಂದರು. ಅವಳಿಗಾಗ ಹನ್ನೊಂದು. ವರ್ಷಗಟ್ಟಲೆ ಹೆಚ್ಚಿನ ರಕ್ತ ನುಗ್ಗಿ ಶ್ವಾಸಕೋಶದ ನಾಳಗಳು ಗಡುಸಾಗಿದ್ದವು. ಇನ್ನು ಕೊಳವೆ ಮುಚ್ಚಿದರೇ ಜೀವಕ್ಕೆ ಅಪಾಯ ಎಂದರು ವೈದ್ಯರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆದರೆ ಮಗಳಿಗೆ ತಾಯಿ ಹೇಳಿರುವುದೇ ಬೇರೆ: ನಿನ್ನದು ಮೊದಲಿಂದಲೂ ಮುಚ್ಚಲಾಗದ್ದು. “ಕೂಸಿದ್ದಾಗಲೇ ತೋರಿಸಿದ್ರೆ ನೀನೂ ಎಲ್ಲರ ಹಾಗೆ ಓಡಾಡ್ತಿದ್ದೆ ಅಂತ ಹೇಗೆ ಹೇಳ್ಲಿ? ಅವಳೋ, ‘ಊರ ಮಕ್ಕಳ ಕಾಲೆಲ್ಲ ಹಿಡಿದು ಬಂದಿದೀಯ, ಕೂತ್ಕೋ ಅಮ್ಮ, ನಿನ್ನ ಕಾಲು ನಾನು ಒತ್ತುತೀನಿ’ ಅಂತಾಳೆ.”

ಪತ್ರಿಕೆಗೆಂದು ಬರೆದುಕೊಳ್ಳುತ್ತಿದ್ದ ನಾನು ಪೆನ್ನು ಕೆಳಗಿಟ್ಟೆ. ಇದನ್ನೆಲ್ಲ ಬರೆಯುವುದಿಲ್ಲ ಬಿಡಿ ಎಂದೆ.

ಈಗ ಮಧ್ಯಾಹ್ನ. ಬೆಳಗ್ಗೆ ಒದೆಯುತ್ತಿದ್ದ ಹುಡುಗಿಯ ಕೊಳವೆ ಮುಚ್ಚಿದೆ, ನಿದ್ದೆ ಹತ್ತಿದೆ. ಅವಳ ಮೊಣಕಾಲಿನಿಂದ ಕೈ ತೆಗೆಯದೆಯೇ ಕಾಲಮ್ಮ ಹಾಗಲ್ಲ ಎಂದು ತಲೆಯಾಡಿಸುತ್ತಾರೆ.

“ಬರೀರಿ. ಮಗು ಎದೆ ಗುರುಗುಟ್ಟಿದ್ರೆ ಮುದ್ದು ಮಾಡ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ ಅಂತ ದಪ್ಪ ಅಕ್ಷರದಲ್ಲಿ ಬರೀರಿ. ಮಿಕ್ಕಿದ್ದೂ ಬರೀರಿ. ಮನೇಲಿ ಭಾನುವಾರದ ಪೇಪರ್ ಮೊದಲು ಹಿಡಿಯೋಳು ಅವಳೇ. ನನ್ನ ಬಾಯಲ್ಲಂತೂ ಇಷ್ಟು ವರ್ಷ ಬರಲಿಲ್ಲ. ಇದು ಅಚ್ಚಾಗೋ ಭಾನುವಾರಕ್ಕೆ ರಜೆ ಕೇಳಿದೀನಿ. ಓದಿ ಮುಗಿಸೋವರೆಗೂ ಎದುರಿಗೇ ಕೂತಿರ್ತೀನಿ. ಆಮೇಲೆ ಅವಳು ಏನಂದ್ರೂ ಸರಿ, ಎದ್ದು ಹೋಗಲ್ಲ.”