ಉದಗೀರಕ್ಕೆ ತಡವಾಗಿ

ಕಲಬುರಗಿಯಿಂದ ಉಮರಗಾ ಬಸ್ಸು ಏಳಕ್ಕೆ ಎಂದಿದ್ದರು, ಹೊರಡುವಾಗ ಎಂಟಾಗಿತ್ತು. ಆಳಂದ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಸೋಯಾಬೀನ್ ಹಳದಿಗೆ ತಿರುಗಿತ್ತು. ರಾತ್ರಿ ಮಳೆಯಾಗಿ ಬೆಳಿಗ್ಗೆ ಬಿಸಿಲು ಬಿದ್ದಿದ್ದರಿಂದ ಬಸ್ಸಿನೊಳಗೆ ಸೆಕೆ. ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಸಕ್ಕರೆ ಕಾಯಿಲೆಯ ಮಾತ್ರೆ, ಆರು ವರ್ಷದಿಂದ ಬರೆಯುತ್ತಿದ್ದ ಒಂದು ಕಾದಂಬರಿಯ ಹಾಳೆಗಳು ಇದ್ದವು.

ಪ್ರಕಾಶಕರು ಅದನ್ನು ದೀಪಾವಳಿಗೆ ತರುವವರಿದ್ದರು. ನನಗೆ ಎಪ್ಪತ್ತು. ದಿನಪತ್ರಿಕೆಯೊಂದರಲ್ಲಿ ಜಿಲ್ಲಾ ವರದಿಗಾರನಾಗಿ ದುಡಿದಷ್ಟು ಕಾಲ, ಪುರುಸೊತ್ತಿದ್ದರೆ ಕಾದಂಬರಿ ಬರೆಯುತ್ತಿದ್ದೆ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೆ. ನಿವೃತ್ತಿಯ ನಂತರ ಪುರುಸೊತ್ತು ಸಿಕ್ಕಿತು, ಕಾದಂಬರಿಯೂ ಮುಗಿಯಿತು. ಓದಿದರೆ ಎಲ್ಲೋ ಜೀವವಿಲ್ಲ ಅನ್ನಿಸುತ್ತಿತ್ತು. ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ಕಚೇರಿಯಲ್ಲಾಗಿದ್ದರೆ ಡೆಸ್ಕಿನವರು ಕೆಂಪು ಗೆರೆ ಎಳೆಯುತ್ತಿದ್ದರು. ಈಗ ಗೆರೆ ಎಳೆಯುವವರು ಯಾರೂ ಉಳಿದಿಲ್ಲ. ಅದಕ್ಕೇ ಕಥೆ ನಡೆದ ಗಡಿಯಾಚೆಯ ಮರಾಠಿ ಸೀಮೆಗೇ ಹೋಗಿ ಓದಿ ಕೇಳಿಸೋಣವೆಂದು ಹೊರಟಿದ್ದೆ.

ಕಥೆ ಇಷ್ಟು. ನಾನು ಇಪ್ಪತ್ತರ ಹುಡುಗನಾಗಿ ನಿಲಂಗಾದಲ್ಲಿ ದೊಡ್ಡಪ್ಪನ ಮಗಳು ಶಾಂತಕ್ಕನ ಮನೆಗೆ ಹೋಗಿದ್ದಾಗ, ಒಂದು ನಸುಕಿನಲ್ಲಿ ಎದುರುಮನೆಯ ಬಟ್ಟೆ ವ್ಯಾಪಾರಿಯ ಹೆಂಡತಿ ಕಾಶಿಬಾಯಿ ಒಂದು ಟ್ರಂಕು, ಒಂದು ರೊಟ್ಟಿ ಹಂಚು ಹಿಡಿದು ಮನೆ ಬಿಟ್ಟು ಹೋದದ್ದನ್ನು ನೋಡಿದ್ದೆ. ಜಗಳ ಯಾರಿಗೂ ಕೇಳಿಸಿರಲಿಲ್ಲ. ಉದಗೀರಕ್ಕೆ ಹೋಗಿ ಖಾನಾವಳಿ ತೆರೆದರೆಂದು ಆಮೇಲೆ ಸುದ್ದಿ ಬಂತು. ಯಾಕೆ ಹೋದರೆಂಬುದಕ್ಕೆ ನನ್ನ ಕಾದಂಬರಿ ಉತ್ತರ ಕೊಡಬೇಕಿತ್ತು. ಅವರು ಉದಗೀರದಲ್ಲಿ ಇನ್ನೂ ಇದ್ದಾರೆಂದು ನನಗೆ ಗೊತ್ತಿತ್ತು. ಕಾದಂಬರಿಗೆ ಸಂದರ್ಶನ ಬೇಕಿಲ್ಲ ಎಂದುಕೊಂಡಿದ್ದೆ.

ಉಮರಗಾದಲ್ಲಿ ಗೆಳೆಯ ಶಿವರಾಜನ ಅಡತಿ ಅಂಗಡಿ ಇದೆ. ಕಾಳುಕಡಿ ವ್ಯಾಪಾರ. ಮನೆಮಾತು ಕನ್ನಡ, ಕಲಿತದ್ದು ಮರಾಠಿ ಶಾಲೆ. ಈ ಕಡೆಯ ಹೆಚ್ಚಿನವರಂತೆ ಅವನಿಗೂ ಕನ್ನಡ ಓದಲು ಬಾರದು. ಗಾದಿಯ ಮೇಲೆ ಕೂತು ಒಂದು ಅಧ್ಯಾಯ ಓದಿದೆ. ನಡುವೆ ಮೂರು ಫೋನು ಬಂದವು. ಪ್ರತಿ ಸಲವೂ ಮರಾಠಿಯಲ್ಲಿ ಉದ್ದಿನ ಧಾರಣೆ ಹೇಳಿ, ಹ್ಞೂಂ ಮುಂದ ಹೇಳು ಎನ್ನುತ್ತಿದ್ದ. ಮುಗಿದ ಮೇಲೆ ಬೇಷ್ ಬರದಿ ಎಂದು ಊಟಕ್ಕೆ ಎಬ್ಬಿಸಿದ. ಬದನೆಕಾಯಿ ಪಲ್ಯ, ಖಡಕ್ ರೊಟ್ಟಿ, ಹಿಂಡಿ ಎಂಬ ಚಟ್ನಿಪುಡಿ. ಕೈ ತೊಳೆಯುವಾಗ ಕೇಳಿದ:

"ಆ ಕಾಶಿಬಾಯಿ ಉದಗೀರದಾಗ ಜೀವಂತ ಅದಾಳಲ್ಲೋ. ಆಕೀಗೇ ಕೇಳಿದ್ದರ ಆರು ವರ್ಷ ಉಳೀತಿದ್ದವಲ್ಲ?"

ಕಾದಂಬರಿ ಎಂದರೆ ಹಾಗಲ್ಲ ಎಂದು ವಿವರಿಸಿದೆ. ಅವನು ತಲೆ ಆಡಿಸಿ ಅಡಿಕೆ ಕೊಟ್ಟ. ರಾತ್ರಿ ಉಳಿ ಎಂದರೂ ಉಳಿಯದೆ ಮೂರು ಗಂಟೆಯ ಎಸ್.ಟಿ. ಬಸ್ಸು ಹಿಡಿದೆ. ನನ್ನ ತಲೆಗೂದಲು ನೋಡಿ ಕಂಡಕ್ಟರ್ ಮರಾಠಿಯಲ್ಲಿ ಅಜ್ಜಾ ಎಂದು ಕರೆದು, ಹಿರಿಯರಿಗೆ ಅರ್ಧ ತಿಕೀಟು ಎಂದರು. ಯಾಕೋ ಪೂರ್ತಿ ಕೊಡಿ ಎಂದೆ. ಕಾಸಾರಶಿರಸಿಯಲ್ಲಿ ಸಂತೆ ಮುಗಿಸಿದವರು ಹತ್ತಿ ಬಸ್ಸು ತುಂಬಿತು. ಒಬ್ಬ ಹೆಂಗಸಿನ ಮೆಣಸಿನಕಾಯಿ ಗಂಟು ನಿಲಂಗಾದವರೆಗೂ ನನ್ನ ಕಾಲ ಮೇಲೆ ಇತ್ತು.

ಶಾಂತಕ್ಕನಿಗೆ ಎಂಬತ್ತರ ಹತ್ತಿರ. ಅವಳ ಓಣಿಯ ಗುಡಿಯಲ್ಲಿ ಶ್ರಾವಣದಲ್ಲಿ ಪುರಾಣ ನಡೆಯುತ್ತದೆ. ಪುಸ್ತಕ ಕನ್ನಡ, ಅಚ್ಚಾಗಿರುವುದು ಮರಾಠಿ ಅಕ್ಷರದಲ್ಲಿ. ಒಬ್ಬರು ಪದ್ಯ ಓದಿದರೆ ಇನ್ನೊಬ್ಬರು ಮನೆಮಾತಿನಲ್ಲಿ ಅರ್ಥ ಹೇಳಬೇಕು. ಬಹಳ ವರ್ಷ ಅರ್ಥ ಹೇಳಿದವಳು ಅಕ್ಕನೇ. ಈ ಶ್ರಾವಣದಲ್ಲಿ ಸೊಸೆಗೆ ಬಿಟ್ಟುಕೊಟ್ಟಿದ್ದಳು. ಯಾಕೆಂದು ಕೇಳಿದೆ.

"ಒಂದು ಶರಣರ ಕಥಿ ಹೇಳ್ಕೋತ ಹೇಳ್ಕೋತ ಇನ್ನೊಬ್ಬರ ಕಥ್ಯಾಗ ಹೋಗಿಬಿಟ್ಟಿದ್ದೆ. ಯಾರಿಗೂ ಗೊತ್ತಾಗಲಿಲ್ಲ, ನಂಗ ಗೊತ್ತಾತು. ಮಂದಿ ಎಬ್ಬಸೂಕಿಂತ ಮೊದಲು ನಾನೇ ಎದ್ದೆ."

ಸಂಜೆ ಪಡಸಾಲೆಯಲ್ಲಿ ಅಕ್ಕ, ಸೊಸೆ, ಪಕ್ಕದ ಮನೆಯ ಇಬ್ಬರು ಕೂತರು. ನಾನು ಓದಿದೆ. ರೂಢಿಯಂತೆ ಸೊಸೆ ಪ್ರತಿ ಪುಟಕ್ಕೂ ಅರ್ಥ ಹೇಳತೊಡಗಿದಳು. ನಸುಕು, ಟ್ರಂಕು, ಹಂಚು ಇದ್ದ ಮೊದಲ ಪುಟವನ್ನು ನನ್ನದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಿದಳು. ಕೇಳಿದವರು ಚ್ಚು ಚ್ಚು ಎಂದರು. ಕಾಶಿಬಾಯಿ ತನ್ನ ಮನಸ್ಸನ್ನು ತೋಡಿಕೊಳ್ಳುವ ಅಧ್ಯಾಯ ಬಂದಾಗ ಸೊಸೆ ತಡವರಿಸಿದಳು. ಮತ್ತೊಮ್ಮೆ ಓದ್ರಿ ಮಾಮಾ ಎಂದಳು. ಓದಿದೆ. ಏನು ಹೇಳಬೇಕೆಂದು ತಿಳಿಯದೆ ಅತ್ತೆಯ ಮುಖ ನೋಡಿದಳು. ಅಕ್ಕ ಕೈ ಎತ್ತಿ ಓದು ನಿಲ್ಲಿಸಿದಳು.

"ತಮ್ಮಾ, ಮೊದಲಿನ ಪುಟ ಖರೆ ಅದ. ನೀ ಕಣ್ಣಾರೆ ಕಂಡಿದ್ದದು. ಆಮ್ಯಾಗ ಆಕಿ ಮಾತಾಡವಲ್ಲಳು. ನೀನೇ ಸೀರಿ ಉಟಗೊಂಡು ಮಾತಾಡಲತ್ತಿ."

ಪಕ್ಕದ ಮನೆಯವರು ಸೆರಗು ಬಾಯಿಗೆ ಹಿಡಿದು ನಕ್ಕರು. ನಾನೂ ನಕ್ಕೆ. ಒಬ್ಬರ ಒಳಗನ್ನು ಊಹಿಸಿ ಬರೆಯುವುದೇ ಈ ಕೆಲಸ, ಎಲ್ಲರೂ ಹಾಗೇ ಬರೆಯುತ್ತಾರೆ ಎಂದು ವಾದಿಸಿದೆ.

"ಬರೆಯವರು ಬರೀಲಿ. ನೀ ಜೀವಮಾನಾ ಪೂರಾ ಮಂದಿ ಬಾಗಿಲದಾಗ ನಿಂತು, ಏನಾತ್ರಿ ಅಂತ ಕೇಳಿದಾಂವ. ಈಗ್ಯಾಕ ಬಾಗಿಲಿಗೂ ಹೋಗವಲ್ಲಿ?"



ಮರುದಿನ ಉದಗೀರದ ಬಸ್ಸಿನಲ್ಲಿ ಕಿಟಕಿ ಬದಿ ಸಿಕ್ಕಿತು. ದೇವಣಿಯವರೆಗೂ ಹೊರಗೆ ನೋಡಿದ ನೆನಪಿಲ್ಲ. ಆರು ವರ್ಷ ನಾನು ವರದಿಯಿಂದ ಸೃಷ್ಟಿಗೆ ಏರಿದ್ದೇನೆಂದು ನಂಬಿದ್ದೆ. ವಯಸ್ಸು ಕಲಿಸಿದ ಪಕ್ವತೆ ಎಂದು ಒಂದೆರಡು ಸಭೆಗಳಲ್ಲಿ ಹೇಳಿಯೂ ಇದ್ದೆ. ಇನ್ನೊಬ್ಬರ ಬಾಗಿಲು ಬಡಿದು, ನೀವು ಯಾರು ಎಂದು ಕೇಳಿಸಿಕೊಳ್ಳುವ ಧೈರ್ಯ ನಿವೃತ್ತಿಯ ನಂತರ ಹೋಗಿಬಿಟ್ಟಿತ್ತು. ಮೊದಲು ಪತ್ರಿಕೆಯ ಹೆಸರು ಹೇಳಿದರೆ ಸಾಕಾಗುತ್ತಿತ್ತು. ಹೋಗಲು ಹೆದರಿದ ಕಡೆಯಲ್ಲೆಲ್ಲ ಕಲ್ಪಿಸಿದ್ದೆ. ಜೀವವಿಲ್ಲದ ಪುಟಗಳೂ ಅವೇ.

ಹನ್ನೊಂದಕ್ಕೆ ಉದಗೀರ. ಕಾಶಿಬಾಯಿಯ ಖಾನಾವಳಿ ಎಲ್ಲಿದೆಯೆಂದು ಕೇಳಿದ ಮೊದಲ ರಿಕ್ಷಾದವನೇ ದಾರಿ ತೋರಿಸಿದ. ನಾನು ಆ ಕಡೆ ಹೋಗದೆ ಕೋಟೆಗೆ ಹೋದೆ. ಕಂದಕದ ಪಕ್ಕ ನಡೆದು, ಒಳಗೆ ಸುತ್ತಿ, ಹೊರಗೆ ಬಂದು ಮತ್ತೆ ಒಳಗೆ ಹೋದೆ. ಮೊಳಕಾಲು ನೋಯತೊಡಗಿದ ಮೇಲೆ ಸುತ್ತಲು ಬೇರೆ ಜಾಗ ಉಳಿಯಲಿಲ್ಲ.

ಎರಡೂವರೆಗೆ ಖಾನಾವಳಿಯಲ್ಲಿ ಗಿರಾಕಿಗಳು ಮುಗಿದಿದ್ದರು. ಈಗ ನಡೆಸುವವರು ಕಾಶಿಬಾಯಿಯ ತಮ್ಮನ ಮಗಳು. ಊಟ ತೊಂಬತ್ತು ರೂಪಾಯಿ: ಬಿಸಿ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕಾ, ಶೇಂಗಾ ಹಿಂಡಿ, ಮಜ್ಜಿಗೆ. ಗೋಡೆಗೆ ಒರಗಿ ಕುರ್ಚಿಯಲ್ಲಿ ಕೂತಿದ್ದ ಮುದುಕಿ, ಕೊರಳಲ್ಲಿ ಲಿಂಗದ ಕರಡಿಗೆ, ಹಣೆಯ ಮೇಲೆ ವಿಭೂತಿ, ನಾನು ತಿನ್ನುವುದನ್ನು ನೋಡುತ್ತಿದ್ದರು. ಕೈ ತೊಳೆದು ಎದುರು ಹೋಗಿ ನಿಂತೆ.

"ಯಾರ ಪೈಕಿರೀ?"

ನಿಲಂಗಾದ ಶಾಂತಾಬಾಯಿಯ ತಮ್ಮ ಎಂದೆ. ಅವರ ಬಗ್ಗೆ ಒಂದು ಪುಸ್ತಕ ಬರೆದಿದ್ದೇನೆ, ಅವರನ್ನು ಕೇಳದೆಯೇ ಬರೆದಿದ್ದೇನೆ ಎಂದೂ ಹೇಳಿದೆ. ಸಿಟ್ಟಾದಂತೆ ಕಾಣಲಿಲ್ಲ. ಕೂಡಲು ಸ್ಟೂಲು ತೋರಿಸಿದರು. ಅದರಾಗ ನಾ ಯಾಕ ಬಂದೆ ಅಂತ ಬರದೀರಿ ಎಂದು ಕೇಳಿದರು. ಕಾದಂಬರಿಯಲ್ಲಿ ನಾನು ಕೊಟ್ಟಿದ್ದ ಕಾರಣವನ್ನು ಹೇಳಿದೆ. ಅವರು ಪೂರ್ತಿ ಕೇಳಿದರು. ಒಳಗೆ ಪಾತ್ರೆ ತೊಳೆಯುತ್ತಿದ್ದ ಸಪ್ಪಳವೂ ನಿಂತಿತು.

"ಅದೂ ಇರಲಿ, ಹತ್ತರಾಗ ಹನ್ನೊಂದು. ಬಂದವರೆಲ್ಲಾ ಅದೇ ಕೇಳತಾರ, ಯಾಕ ಬಂದಿ, ಯಾಕ ಬಂದಿ. ಬಂದು ಹೆಂಗ ಬದುಕಿದಿ ಅಂತ ಇವತ್ತಿನ ತನಕ ಒಬ್ಬರೂ ಕೇಳಲಿಲ್ಲ ನೋಡ್ರಿ."

ಹಾಳೆಗಳು ತೊಡೆಯ ಮೇಲಿದ್ದವು. ಚೀಲಕ್ಕೆ ಹಾಕಿದೆ. ಹೇಗೆ ಎಂದು ಕೇಳುವುದಷ್ಟೇ ನನಗೆ ಎಂದೂ ಬಂದದ್ದು. ಇಲ್ಲಿಗೆ ಬಂದ ಮೊದಲ ದಿನ ಹಂಚು ಎಲ್ಲಿ ಇಟ್ಟಿರಿ ಎಂದು ಕೇಳಿದೆ.

ಬಸ್ ಸ್ಟ್ಯಾಂಡಿನ ಹಿಂದೆ ಹುಣಸೆ ಗಿಡದ ಬುಡದಲ್ಲಿ, ಮೂರು ಕಲ್ಲು ಹೂಡಿ. ಮಳೆ ಬಂದರೆ ಹಿಟ್ಟಿನ ಡಬ್ಬಿಯ ಮೇಲೆ ತಾವೇ ಬಗ್ಗಿ ಕೂಡುತ್ತಿದ್ದರಂತೆ. ಒದ್ದೆಯಾದ ಸೀರೆ ಒಲೆಯ ಬಿಸಿಗೆ ಮೈಮೇಲೆಯೇ ಒಣಗುತ್ತಿತ್ತು. ಮೊದಲು ಉಂಡವರು ಹಮಾಲರು. ಜಾತಿ ಕೇಳಿದವರಿಗೆ ರೊಟ್ಟಿ ಇಲ್ಲ ಎಂದದ್ದು, ಹಸಿ ಕಟ್ಟಿಗೆಯ ಹೊಗೆಗೆ ಕಣ್ಣು ಬಾತದ್ದು, ಒಬ್ಬ ಮುಸಲ್ಮಾನ ಗಾಡಿಯವ ಕೇಳದೆಯೇ ತಾಡಪಾಲು ಕಟ್ಟಿಕೊಟ್ಟದ್ದು. ಕನ್ನಡದಲ್ಲಿ ಶುರುವಾದ ಮಾತು ಮರಾಠಿಗೆ ಹೋಗಿ ಮತ್ತೆ ಕನ್ನಡಕ್ಕೆ ಬರುತ್ತಿತ್ತು. ನಾನು ನಡುವೆ ಅಡ್ಡಬಂದು ತಾಡಪಾಲಿನ ಬಣ್ಣ ಕೇಳಿದೆ, ಕಟ್ಟಿಗೆ ಯಾವ ಮರದ್ದು ಕೇಳಿದೆ. ಮೊಳಕಾಲು ನೋವು ಮರೆತಿತ್ತು. ಸಂಜೆ ರೊಟ್ಟಿ ಬಡಿಯುವ ಸದ್ದು ಶುರುವಾದಾಗ ಅವರು ಮಾತು ನಿಲ್ಲಿಸಿದರು.

"ಗಿರಾಕಿ ಬರೂ ಹೊತ್ತಾತು, ಏಳ್ರಿ. ಮತ್ತ ಯಾವಾಗ ಬರತೀರಿ?"

ಮುಂದಿನ ವಾರ ಎಂದೆ. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ನಂಗ ಎಂಬತ್ತನಾಕು. ನಿಮ್ಮದೂ ಏನು ಕಡಿಮಿ ಕಾಣವಲ್ಲದು. ಲಗೂ ಬರ್ರಿ."

ಬೀದರ ಬಸ್ಸು ಆರೂವರೆಗೆ. ಊರು ದಾಟುವಾಗ ಕೋಟೆಯ ಕಡೆ ಬೆಳಕು ಇನ್ನೂ ಇತ್ತು. ಪ್ರಕಾಶಕರಿಗೆ ಫೋನು ಮಾಡಿ, ಕಾದಂಬರಿ ಬರುವುದಿಲ್ಲ, ಬೇರೊಂದು ಪುಸ್ತಕ ಶುರುವಾಗಿದೆ ಎಂದೆ. ಅವರು, ಹಾಗಾದರೆ ದೀಪಾವಳಿಗಂತೂ ಆಗುವುದಿಲ್ಲ, ಯಾವಾಗ ಕೊಡುತ್ತೀರಿ ಎಂದು ಕೇಳಿದರು. ಅಷ್ಟು ವರ್ಷ ನೌಕರಿ ಮಾಡಿ ಗಡುವು ಹೇಳಲಾಗದೆ ಹೋದದ್ದು ಇದೇ ಮೊದಲು.

"ಗೊತ್ತಿಲ್ಲ," ಎಂದೆ. "ಕಾಶಿಬಾಯಿ ಇನ್ನೂ ಉದಗೀರದ ಮೊದಲ ಮಳೆಗಾಲದಲ್ಲೇ ಇದ್ದಾರೆ."