ಸಾಯದೆ ಉಳಿದ ಕೋಶಗಳು

ನಮ್ಮ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದೆವು, ಅವಳಿಗಿಂತ ಹಿರಿಯರಾದ ಸಾಹೇಬರೂ ಸೇರಿ. ಅವಳ ಕೆಲಸ ಜೀವಕೋಶ ಸಾಕುವುದು. ಎಂದೋ ಒಂದು ಕರುವಿನ ಮೂತ್ರಪಿಂಡದಿಂದ ತೆಗೆದ ಕೋಶಗಳ ಸಂತತಿ ಅವಳ ಬಾಟಲಿಗಳ ತಳಕ್ಕೆ ಅಂಟಿಕೊಂಡು, ಗುಲಾಬಿ ಬಣ್ಣದ ದ್ರಾವಣದಲ್ಲಿ ಬೆಳೆಯುತ್ತಿತ್ತು. ಬಾಟಲಿ ತುಂಬಿದರೆ ಬಿಡಿಸಿ ಬೇರೆ ಬಾಟಲಿಗೆ ಹಾಕಬೇಕು. ರಜೆಯೆಂದು ಮರೆತರೆ ಸೊರಗುತ್ತವೆ. "ನಮ್ಮ ಮಕ್ಕಳಿಗೂ ಇವಳು ಇಷ್ಟು ಹೊತ್ತುಹೊತ್ತಿಗೆ ಊಟ ಹಾಕಿಲ್ಲ ಕಣ್ರೀ," ಎಂದು ಅವಳ ಗಂಡ ನನ್ನೆದುರೇ ರೇಗಿಸುತ್ತಿದ್ದ.

ಅವಳು ಸಾಕುವವಳು, ನಾನು ಕೊಲ್ಲುವವನು. ದನಗಳ ಲಸಿಕೆ ಪರೀಕ್ಷಿಸಲು ಅವಳ ಕೋಶಗಳ ಮೇಲೆ ವೈರಸ್ ಸುರಿಯುವುದು ನನ್ನ ಕೆಲಸ. ಲಸಿಕೆ ಪಡೆದ ದನದ ರಕ್ತದ ತಿಳಿಯಾದ ಸೀರಮ್ ಬೆರೆಸಿದ ಬಾಟಲಿಯಲ್ಲಿ ಕೋಶಗಳು ಬದುಕಬೇಕು. ಬರೀ ವೈರಸ್ ಹಾಕಿದ್ದರಲ್ಲಿ ಎಲ್ಲವೂ ಸಾಯಬೇಕು. ಸಾಯದಿದ್ದರೆ ಪರೀಕ್ಷೆಗೆ ಮೂರು ಕಾಸಿನ ಬೆಲೆಯಿಲ್ಲ. ಹಿಂದೆಲ್ಲ ಬೇರೊಂದು ರೋಗದ ಲಸಿಕೆ ಬರುತ್ತಿತ್ತು, ಆ ವೈರಸ್ಸಿಗೆ ಇವು ನಿಯತ್ತಾಗಿ ಸಾಯುತ್ತಿದ್ದವು. ಈ ವರ್ಷ ನಮ್ಮಲ್ಲಿಗೆ ಮೊದಲ ಸಲ ಇನ್ನೊಂದು ಹಳೆಯ ರೋಗದ್ದು ಬಂತು. ಕೋಶಗಳು ಸಾಯಲಿಲ್ಲ.

ನನ್ನ ವೈರಸ್ಸೇ ದಂಡ ಅಂದುಕೊಂಡು ಅದಕ್ಕೆ ಮನಸಾರೆ ಬೈದೆ. ಪಕ್ಕದ ಸಂಸ್ಥೆಯಿಂದ ಕೇಳಿ ತಂದ ಕೋಶಗಳ ಮೇಲೆ ಅದನ್ನೇ ಸುರಿದರೆ ಅವು ಪಟಪಟನೆ ಸತ್ತವು. ಸಾಹೇಬರು ಅಕ್ಕನ ಕೋಶಗಳನ್ನು ಬೇರೆ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದಾಗ ಕುರ್ಚಿಯಿಂದ ಏಳದೆಯೇ ಹೇಳಿದರು: "ಆ ವೈರಸ್ಸು ಇವುಗಳೊಳಗೆ ಆಗಲೇ ಮನೆ ಮಾಡ್ಕೊಂಡಿದೆ ಅಕ್ಕ. ಕೊಲ್ಲಲ್ಲ, ಬಿಟ್ಟೂ ಹೋಗಲ್ಲ. ಕೋಶ ಎರಡಾದ್ರೆ ಎರಡರಲ್ಲೂ ಇರುತ್ತೆ. ತನ್ನ ಜಾತಿದೇ ಇನ್ನೊಂದು ಬಂದ್ರೆ ಒಳಗೆ ಬಿಡಲ್ಲ."

ಅಕ್ಕ ನನ್ನ ಕಡೆ ತಿರುಗಿದಳು. ಕಾರಣ ಅವಳಿಗೆ ಗೊತ್ತಾಗಿತ್ತು, ನನಗೂ.

ಹಲವು ವರ್ಷಗಳ ಹಿಂದೆ ಅವಳ ಬಾಟಲಿಗಳ ಕೋಶಗಳೆಲ್ಲ ಒಮ್ಮೆಲೇ ಸತ್ತುಹೋಗಿದ್ದವು. ದ್ರಾವಣಕ್ಕೆ ಬೆರೆಸಿದ ಕರುವಿನ ಸೀರಮ್ಮಿನಲ್ಲೇ ಏನೋ ಕೆಟ್ಟದ್ದಿತ್ತು, ಏನೆಂದು ಯಾರೂ ಹುಡುಕಲಿಲ್ಲ. ಅಂಥ ಬಾಟಲಿಗಳನ್ನು ಎಸೆಯುವುದು ನಿಯಮ. ಒಂದು ಬಾಟಲಿಯ ತಳದಲ್ಲಿ ಮಾತ್ರ ನಾಲ್ಕಾರು ಕೋಶಗಳು ಗಟ್ಟಿಯಾಗಿ ಕಚ್ಚಿಕೊಂಡಿದ್ದವು. ಎಸೆಯಲು ಅವಳಿಗೆ ಮನಸ್ಸು ಬರಲಿಲ್ಲ. ದ್ರಾವಣ ಬದಲಿಸಿ ಬದಲಿಸಿ ಕಾದಳು. ಅವು ಬೆಳೆದು ಬಾಟಲಿ ತುಂಬಿದ ದಿನ ನಾವೆಲ್ಲ ಸಿಹಿ ತಿಂದೆವು. ಅವಳು ಅವುಗಳಿಗೆ ಗಟ್ಟಿಗಿತ್ತಿಯರು ಎಂದು ಹೆಸರಿಟ್ಟಳು. ಆಮೇಲೆ ಹೆಪ್ಪುಗಟ್ಟಿಸಿಟ್ಟ ನಳಿಕೆಗಳೆಲ್ಲ ಅವುಗಳ ಸಂತಾನವೇ. ಆ ಕೆಟ್ಟದ್ದನ್ನು ಗೆದ್ದು ಉಳಿದಿವೆ ಎಂದು ನಾವು ಹಿಗ್ಗಿದ್ದೆವು. ಆ ಕೆಟ್ಟದ್ದು ಈ ವೈರಸ್ಸೇ. ಅವು ಅದರ ಜೊತೆ ರಾಜಿಯಾಗಿ ಉಳಿದಿದ್ದವು, ಅಷ್ಟೇ.

ಅವಳು ಸೋಲೊಪ್ಪಲಿಲ್ಲ. ವೈರಸ್ಸನ್ನು ತಡೆಯುವ ಸೀರಮ್ ಹಾಕಿ ಬೆಳೆಸಿದಳು. ಪರೀಕ್ಷೆಯಲ್ಲಿ ವೈರಸ್ ಕಾಣಲಿಲ್ಲ. ಸೀರಮ್ ನಿಲ್ಲಿಸಿದಳು, ಮತ್ತೆ ಹಾಜರ್. ಶಾಖ ಹೆಚ್ಚಿಸಿದಳು, ತಗ್ಗಿಸಿದಳು. ಏನು ಮಾಡಿದರೂ ಹಠಮಾರಿ ಬಾಡಿಗೆದಾರನ ಹಾಗೆ ಅದು ಜಪ್ಪಯ್ಯ ಅಂದರೂ ಜಾಗ ಬಿಡಲಿಲ್ಲ. ನೋಡುತ್ತ ನಿಲ್ಲುವುದು ಬಿಟ್ಟು ನನಗೆ ಬೇರೆ ದಾರಿಯಿರಲಿಲ್ಲ.

ಕೊನೆಗೆ ಕೋಶಗಳನ್ನು ಹೆಪ್ಪುಗಟ್ಟಿಸಿಡುವ ನೈಟ್ರೋಜನ್ ಡಬ್ಬದ ತಳದಲ್ಲಿ ಒಂದು ನಳಿಕೆ ಸಿಕ್ಕಿತು. ಅದರ ಚೀಟಿ ಉದುರಿಹೋಗಿತ್ತು.

"ತಳದಲ್ಲಿತ್ತು ಅಂದ್ರೆ ಇದು ಮುಂಚಿಂದು ಕಣೋ. ಆ ಗಲಾಟೆಗಿಂತ ಮುಂಚಿಂದು," ಎಂದಳು.

"ಅದೂ ಹೀಗೇ ಆದ್ರೆ ಎಲ್ಲಾ ತೆಗೆದುಬಿಡೋಣ ಅಕ್ಕ," ಎಂದರು ಸಾಹೇಬರು. "ಕೋಶ ಹೊರಗಿಂದ ತರಿಸೋಣ. ನಿಮ್ಮ ಕೋಣೆ ಮುಚ್ಚಬೇಕಾಗುತ್ತೆ."

ಅವಳು ನಳಿಕೆ ಕರಗಿಸಿ ಬೆಳೆಸಿ ಎರಡು ಬಾಟಲಿ ಮಾಡಿದಳು. ಒಂದರ ಮೇಲೆ ನಾನು ವೈರಸ್ ಸುರಿದೆ. ಅವು ಸತ್ತರೆ ಇನ್ನೊಂದು ಬಾಟಲಿ ಶುದ್ಧ, ವಂಶ ಉಳಿಯಿತು. ಜೀವಮಾನವೆಲ್ಲ ಕೋಶ ಸಾಯದಂತೆ ನೋಡಿಕೊಂಡ ಹೆಂಗಸು ಸೂಕ್ಷ್ಮದರ್ಶಕದ ಮೇಲೆ ಬಗ್ಗಿ, "ಸಾಯ್ರೇ, ಇದೊಂದ್ಸಲ ಸತ್ತುಬಿಡ್ರೇ," ಎಂದು ಗೊಣಗುತ್ತಿದ್ದಳು. ನನಗೆ ಕೇಳಲಾಗದೆ ಹೊರಗೆ ಹೋದೆ.

ಮರುದಿನ ಕೆಲವು ಕೋಶಗಳು ಸತ್ತು ದುಂಡಗಾಗಿ ತೇಲುತ್ತಿದ್ದವು. ಅವಳು ನನ್ನ ತೋಳು ಹಿಡಿದುಕೊಂಡಳು. ಅದರ ಮರುದಿನ ಅಷ್ಟೇ ಇದ್ದವು, ಒಂದೂ ಹೆಚ್ಚಿರಲಿಲ್ಲ. ಉಳಿದವು ಒಂದಕ್ಕೊಂದು ಒತ್ತಿಕೊಂಡು, ಹೊಳೆಯುತ್ತ, ತಳ ತುಂಬಿದ್ದವು. ಇನ್ನೂ ಒಂದು ವಾರ ಕಾದೆವು. ಚೀಟಿಯಿಲ್ಲದ ಆ ನಳಿಕೆಯೂ ಗಟ್ಟಿಗಿತ್ತಿಯರ ಸಂತಾನವೇ ಆಗಿತ್ತು.

ಸಾಹೇಬರು ಬಾಗಿಲವರೆಗೆ ಬಂದು, ಒಳಗೆ ಬಾರದೆ ಹಿಂದಿರುಗಿದರು. ಅಕ್ಕ ಎಲ್ಲ ಬಾಟಲಿಗಳನ್ನೂ ಮೇಜಿನ ಮೇಲೆ ಸಾಲಾಗಿಟ್ಟು ಬ್ಲೀಚ್ ಡಬ್ಬಿಯ ಮುಚ್ಚಳ ತಿರುಗಿಸಿದಳು. ಮೊದಲನೆಯದನ್ನು ಬೆಳಕಿಗೆ ಹಿಡಿದು ನೋಡಿದಳು.

"ಅವತ್ತು ಎಲ್ಲಾ ಸತ್ತು ಇವಷ್ಟೇ ಯಾಕೆ ಉಳಿದ್ವು ಅಂತ ನಾನು ಕೇಳ್ಲೇ ಇಲ್ಲ ನೋಡೋ," ಎಂದಳು. "ಉಳಿದ್ವಲ್ಲ ಅಂತ ಕುಣಿದೆ."

"ಯಾರಾದ್ರೂ ಹಾಗೇ ಮಾಡ್ತಿದ್ರು ಅಕ್ಕ."

"ಇದಕ್ಕಿಂತ ಚೆನ್ನಾಗಿ ಯಾವತ್ತೂ ಬೆಳೆದಿರ್ಲಿಲ್ಲ ಕಣೋ ಇವು," ಎಂದು ಬ್ಲೀಚ್ ಸುರಿದಳು.